ಮಕ್ಕಳ ಕಾರನ್ನು ಒಬ್ಬರೇ ದೂರ ಒಯ್ಯುವಾಗ

ಮಗಳೋ ಮಗನೋ ದೂರದೂರಿನಲ್ಲಿ ಕೆಲಸಕ್ಕೆ ಸೇರಿದ್ದಾರೆ, ಕಾರು ಮಾತ್ರ ಮನೆಯಲ್ಲೇ ಉಳಿದಿದೆ. ಅದನ್ನು ಒಬ್ಬರೇ ಓಡಿಸಿಕೊಂಡು ಹೋಗಿ ಒಪ್ಪಿಸಬೇಕು. ನಿಮ್ಮ ಕೈ ಎಷ್ಟೇ ಪಳಗಿದ್ದರೂ ಆ ಕಾರಿನ ಗುಣ ನಿಮಗೆ ಗೊತ್ತಿಲ್ಲ. ಅದು ತಿಂಗಳುಗಟ್ಟಲೆ ನಿಂತೂ ಇರಬಹುದು. ದಾರಿ ಹೇಳಲು, ನಿದ್ದೆ ಬರುತ್ತಿದೆಯೇ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಹೊರಡುವುದಕ್ಕೆ ಹತ್ತು ದಿನ ಮೊದಲೇ ಕೆಲಸ ಶುರು ಮಾಡಿ. ಬಿಡಿಭಾಗ ತರಿಸಿ ಹಾಕಿಸಲು, ಹಾಕಿಸಿದ್ದನ್ನು ಓಡಿಸಿ ನೋಡಲು ಅಷ್ಟು ದಿನ ಬೇಕು.

ಮೊದಲು ಟೈರು. ಗೆರೆಗಳು ಆಳವಾಗಿ ಕಾಣುತ್ತಿವೆ ಎಂದು ಸಮಾಧಾನ ಪಡಬೇಡಿ. ಕಾರು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕಿನ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ತಿಳಿದವರಿಗೆ ತೋರಿಸಿ. ಪಕ್ಕದಲ್ಲಿ ಸಣ್ಣ ಬಿರುಕು, ಉಬ್ಬು ಕಂಡರೆ ವಯಸ್ಸು ನೋಡದೆ ಬದಲಿಸಿ. ಬಿಸಿಲಲ್ಲಿ ವೇಗವಾಗಿ ಓಡುವಾಗ ಸಿಡಿಯುವುದು ಇಂಥ ಟೈರೇ. ಗಾಳಿಯ ಪ್ರಮಾಣವನ್ನು ಟೈರಿನ ಮೇಲೆ ನೋಡಬೇಡಿ, ಅಲ್ಲಿ ಬರೆದಿರುವುದು ಗರಿಷ್ಠ ಮಿತಿ. ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಸಾಮಾನು ತುಂಬಿಕೊಂಡು ಹೊರಡುವುದಾದರೆ, ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದಲ್ಲಿ ನಿಮಗೆ ಬೇಕಾದದ್ದು ಅದು. ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಿರಿ.

ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಅದು ಅಗಲ ಕಡಿಮೆಯಿರುವ ತಾತ್ಕಾಲಿಕ ಚಕ್ರವಾಗಿದ್ದರೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು, ಹಾಕಿದ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ರಂಧ್ರ ಮುಚ್ಚುವ ದ್ರವದ ಡಬ್ಬಿ ಮಾತ್ರ ಇರುತ್ತದೆ. ಅದರ ಅವಧಿ ಮುಗಿದಿದೆಯೇ ನೋಡಿ. ಚಕ್ರಕ್ಕೆ ಕಳ್ಳರ ಕಾಟಕ್ಕೆಂದು ಬೀಗದ ನಟ್ ಹಾಕಿಸಿದ್ದರೆ ಅದರ ಕೀಲಿ ಎಲ್ಲಿದೆ ಎಂದು ಮಕ್ಕಳನ್ನು ಈಗಲೇ ಕೇಳಿ. ಅದಿಲ್ಲದಿದ್ದರೆ ಜಾಕು, ಸ್ಪ್ಯಾನರ್ ಎರಡೂ ಇದ್ದು ಉಪಯೋಗವಿಲ್ಲ. ಮನೆ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ. ಯಂತ್ರದಲ್ಲಿ ಬಿಗಿದ ನಟ್ ನಿಮ್ಮ ಕೈಗೆ ಬರುವುದಿಲ್ಲ ಎಂದು ತಿಳಿಯಬೇಕಾದದ್ದು ಮನೆಯಲ್ಲಿ, ಹೆದ್ದಾರಿಯಲ್ಲಲ್ಲ.

ನಿಂತ ಕಾರಿನ ಬಾನೆಟ್ ಎತ್ತಿದಾಗ ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ, ಇಲಿ ಗೂಡು ಕಟ್ಟಿರಬಹುದು, ವೈರು ಕಡಿದಿರಬಹುದು. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ. ಚಾರ್ಜ್ ಮಾಡಿದ ಮೇಲೂ ಮರುದಿನ 12.2ಕ್ಕಿಂತ ಕೆಳಗಿಳಿದರೆ ನಂಬಬೇಡಿ. ಬ್ರೇಕ್ ದ್ರವ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಆಯಿಲ್, ಕೂಲಂಟ್, ವೈಪರ್ ರಬ್ಬರ್ ಐದು ನಿಮಿಷದ ಕೆಲಸ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.

ಇದೆಲ್ಲ ಆದ ಮೇಲೆ ಅರವತ್ತು ಎಂಬತ್ತು ಕಿಲೋಮೀಟರ್ ಓಡಿಸಿ, ಅದರಲ್ಲಿ ಅರ್ಧವಾದರೂ ಹೆದ್ದಾರಿಯ ವೇಗದಲ್ಲಿರಲಿ. ವೇಗ ಏರಿದಾಗ ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಕತ್ತಲಲ್ಲೂ ಒಮ್ಮೆ ಓಡಿಸಿ. ವೈಪರ್, ಮಂಜು ದೀಪ, ಗಾಜಿನ ಮಬ್ಬು ತೆಗೆಯುವ ಗುಂಡಿ, ಎಲ್ಲವೂ ಕಣ್ಣು ರಸ್ತೆಯಿಂದ ಕದಲದೆ ಕೈಗೆ ಸಿಗಬೇಕು. ಕಾರು ಪೆಟ್ರೋಲಿನದೋ ಡೀಸೆಲಿನದೋ ಎಂದು ಕಾಗದದಲ್ಲಿ ಬರೆದು ಕಣ್ಣೆದುರು ಅಂಟಿಸಿ. ದಣಿದ ಹೊತ್ತಿನಲ್ಲಿ ಬಾಯಿಂದ ಬರುವುದು ಸ್ವಂತ ಕಾರಿನ ಇಂಧನದ ಹೆಸರು. ತಪ್ಪು ಇಂಧನ ಬಿದ್ದದ್ದು ಅಲ್ಲೇ ಗೊತ್ತಾದರೆ ಕೀಲಿ ತಿರುಗಿಸದೆ ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್ ಶುರು ಮಾಡದೇ ಇದ್ದರೆ ಟ್ಯಾಂಕ್ ಬರಿದು ಮಾಡಿಸುವುದರಲ್ಲಿ ಮುಗಿಯುತ್ತದೆ.

ಕಾರು ಹೇಗೂ ಹೋಗುತ್ತದಲ್ಲ ಎಂದು ಮನೆಮಂದಿ ಅದರಲ್ಲಿ ಮಕ್ಕಳ ಸಾಮಾನೆಲ್ಲ ತುಂಬಲು ನೋಡುತ್ತಾರೆ. ಪುಸ್ತಕ, ಪಾತ್ರೆಯಂಥ ಭಾರದವು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಯಾವುದೂ ಸೀಟಿನ ಎತ್ತರ ಮೀರಬಾರದು. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮೇಲಿನ ಡಬ್ಬ ನಿಮ್ಮ ತಲೆಗೇ ಬರುತ್ತದೆ. ಸ್ಟೆಪ್ನಿ ಡಿಕ್ಕಿಯ ಅಡಿಯಲ್ಲಿದ್ದರೆ ಜಾಕು, ಸ್ಪ್ಯಾನರ್, ಎಚ್ಚರಿಕೆಯ ತ್ರಿಕೋನ ಮೂರನ್ನೂ ಮೊದಲೇ ಹೊರತೆಗೆದು ಮುಂದಿನ ಸೀಟಿನ ಹಿಂಬದಿಯಲ್ಲಿ ಅಲುಗದಂತೆ ಕಟ್ಟಿಡಿ. ನಿಮ್ಮ ಕಾಲ ಬಳಿ ನೀರಿನ ಬಾಟಲಿ ಬೇಡ, ಉರುಳಿ ಬ್ರೇಕಿನ ಅಡಿಗೆ ಸೇರುತ್ತದೆ.

ಕಾರು ಮಕ್ಕಳ ಹೆಸರಿನಲ್ಲಿದ್ದರೆ ನಿಮಗೆ ಓಡಿಸಲು ಒಪ್ಪಿಗೆಯಿದೆ ಎಂಬ ಸಹಿ ಹಾಕಿದ ಪತ್ರ, ನೋಂದಣಿ ಮತ್ತು ವಿಮೆಯ ಕಾಗದ ಜೊತೆಗಿರಲಿ. ನೀವು ಓಡಿಸಿದರೂ ವಿಮೆ ಸಲ್ಲುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಎರಡನೇ ಕೀಲಿ ಕಾರಿನೊಳಗಲ್ಲ, ನಿಮ್ಮ ಜೇಬಿನಲ್ಲಿರಬೇಕು.

ಒಬ್ಬರೇ ಓಡಿಸುವಾಗ ನಿಜವಾದ ಅಪಾಯ ನಿದ್ದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು 110 ಮೀಟರಿಗೂ ಹೆಚ್ಚು ತಾನೇ ಓಡಿರುತ್ತದೆ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಓಡಿಸಬೇಡಿ, ಎರಡು ಗಂಟೆಗೊಮ್ಮೆ ಇಳಿದು ಕಾಲು ಗಂಟೆ ನಡೆಯಿರಿ. ನಡುರಾತ್ರಿಯಿಂದ ಬೆಳಗಿನ ಆರರ ತನಕ ಮತ್ತು ಮಧ್ಯಾಹ್ನದ ಊಟದ ನಂತರದ ಹೊತ್ತು ಮೈ ತಾನಾಗಿ ಜೋಂಪು ಹತ್ತುವ ವೇಳೆ. ಆಕಳಿಕೆ ಮೇಲಿಂದ ಮೇಲೆ ಬಂದರೆ, ಹಿಂದಿನ ಐದು ಕಿಲೋಮೀಟರ್ ನೆನಪಿಗೆ ಬರದಿದ್ದರೆ, ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಸಾಲದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಮಾಡಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎದ್ದ ಮೇಲೂ ಭಾರವೆನಿಸಿದರೆ ಅಂದಿನ ಓಟ ಅಲ್ಲಿಗೇ ನಿಲ್ಲಲಿ. ಮಕ್ಕಳಿಗೆ ಮೊದಲೇ "ಇಂಥ ದಿನ ಬರುತ್ತೇನೆ" ಎನ್ನದೆ "ಈ ಎರಡು ದಿನಗಳೊಳಗೆ ಬರುತ್ತೇನೆ" ಎಂದು ಹೇಳಿಟ್ಟಿರಿ. ಹಿಂದಿರುಗುವ ಟಿಕೆಟ್ಟನ್ನೂ ಹಾಗೆಯೇ ಒಂದು ದಿನ ಬಿಟ್ಟು ತೆಗೆಸಿ.