ಒಂದು ರೂಮು, ಎರಡು ಟೈಮ್‌ಟೇಬಲ್

ರೂಮ್‌ಮೇಟ್ ಜೊತೆ ಇರೋಕೆ ಹೊರಟವರಿಗೆ ಮನೆಯವರೆಲ್ಲ ಹೇಳುವುದು ಒಂದೇ ಮಾತು: 'ಸ್ವಲ್ಪ ಅಡ್ಜಸ್ಟ್ ಮಾಡ್ಕೋ'. ಏನನ್ನ, ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಹಾಸನದಲ್ಲಿ ಎಂ.ಎ. ಮುಗಿಯುವವರೆಗೂ ನಾನು ಒಬ್ಬಳ ಜೊತೆ ಒಂದೇ ಕೋಣೆಯಲ್ಲಿ ಇದ್ದೆ. ಜಾಗ ಹಂಚಿಕೊಳ್ಳೋದು ಸುಲಭ. ಬೀರುವಿನಲ್ಲಿ ಮೇಲಿನ ಅರೆ ನಿನಗೆ, ಕೆಳಗಿನದು ನನಗೆ ಅಂದರೆ ಮುಗೀತು. ಜಗಳ ಬರೋದೆಲ್ಲ ಹೊತ್ತಿನ ವಿಷಯಕ್ಕೆ. ಲೈಟ್ ಎಷ್ಟು ಹೊತ್ತಿಗೆ ಆರಿಸೋದು, ಅಲಾರಂ ಯಾವಾಗ ಹೊಡ್ಕೋಬೇಕು, ಬಿಸಿನೀರು ಮೊದಲು ಯಾರಿಗೆ. ಇವನ್ನು ಮೊದಲೇ ಮಾತಾಡಿಕೊಂಡರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಹೇಮಗಂಗೋತ್ರಿ ಆಗ ಇನ್ನೂ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಹಾಸನ ವಿಶ್ವವಿದ್ಯಾಲಯ ಅಂತ ಆಗಿದ್ದು ಆಮೇಲೆ. ಕ್ಯಾಂಪಸ್ಸು ಊರಿಂದ ಆಚೆ. ನಾವು ಊರೊಳಗೆ ವಿದ್ಯಾನಗರದಲ್ಲಿ ಮಹಡಿ ಮೇಲಿನ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆವು. ಒಂದು ಕೋಣೆ, ಮೂಲೆಯಲ್ಲಿ ಒಲೆ ಇಡುವಷ್ಟು ಕಟ್ಟೆ, ಒಂದು ಬಾತ್‌ರೂಮು. ಕೆಳಗೆ ಓನರ್ ಆಂಟಿ. ನನ್ನದು ಸಕಲೇಶಪುರದ ಕಡೆ. ಅವಳು ವಿಜಯಪುರ ಜಿಲ್ಲೆಯವಳು, ಎಂ.ಕಾಂ.

ಮೊದಲು ಎದ್ದಿದ್ದು ಫ್ಯಾನಿನ ಗಲಾಟೆ. ಹಾಸನ ಇರೋದು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ. ಜೂನ್ ಬಂತು ಅಂದರೆ ರಾತ್ರಿ ರಗ್ಗು ಬೇಕೇಬೇಕು. ಅವಳ ಊರಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಅಂಥ ಕಡೆಯಿಂದ ಬಂದವಳು ಇಲ್ಲಿ ನಡುಗುತ್ತಾಳೆ ಅಂದುಕೊಂಡಿದ್ದೆ. ನಡುಗುತ್ತಲೂ ಇದ್ದಳು. ಎರಡು ರಗ್ಗು ಹೊದ್ದು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಫ್ಯಾನ್ ಮಾತ್ರ ಹಾಕಿಯೇ ಮಲಗುತ್ತಿದ್ದಳು! ಗಾಳಿಗಲ್ಲ, ಸದ್ದಿಗೆ. ಹುಟ್ಟಿದಾಗಿಂದ ಫ್ಯಾನ್ ಸದ್ದಲ್ಲೇ ಮಲಗಿದವಳಿಗೆ ಸದ್ದಿಲ್ಲದ ರೂಮಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ನನಗೋ ಗಾಳಿ ಮುಖಕ್ಕೆ ಬಿದ್ದರೆ ಬೆಳಿಗ್ಗೆ ಮೂಗು ಕಟ್ಟಿರುತ್ತಿತ್ತು.

ರೆಗ್ಯುಲೇಟರ್ ಎರಡಕ್ಕೆ ಇಡೋಣ ಅಂತ ಒಪ್ಪಂದ ಆಯಿತು. ಉಪಯೋಗಕ್ಕೆ ಬರಲಿಲ್ಲ. ಒಬ್ಬಳು ಎದ್ದು ಎರಡಕ್ಕೆ ತಿರುಗಿಸೋದು, ಇನ್ನೊಬ್ಬಳು ಎದ್ದು ಒಂದಕ್ಕೆ ಇಳಿಸೋದು. ಕೊನೆಗೆ ಕೆಲಸ ಮಾಡಿದ್ದು ಮಂಚ ಎಳೆದಿದ್ದು. ಅವಳ ಮಂಚ ಫ್ಯಾನ್ ಕೆಳಗೆ, ನನ್ನದು ಬೀರುವಿನ ಮರೆಗೆ. ಗಾಳಿ ಬೀರುವಿಗೆ ಹೊಡೆದು ಅಲ್ಲೇ ನಿಲ್ಲುತ್ತಿತ್ತು. ಸಾಮಾನು ಜರುಗಿಸಿದರೆ ಹೋಗುವ ತಕರಾರಿಗೆ ಮನುಷ್ಯರ ಸ್ವಭಾವ ತಿದ್ದೋಕೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ.

ಮಜಾ ಅಂದರೆ ಜುಲೈನಲ್ಲಿ ಜಡಿಮಳೆ ಹಿಡಿದಾಗ ಫ್ಯಾನ್ ಹಾಕು ಅಂತ ಕೇಳಿದ್ದು ನಾನೇ. ನಮ್ಮ ಮನೆಯಲ್ಲಾದರೆ ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ರೂಮಲ್ಲಿ ಎಲ್ಲಿಂದ ಬರಬೇಕು ಒಲೆ? ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದರೆ ರೂಮಿಡೀ ಮುಗ್ಗಲು ವಾಸನೆ. ಆಮೇಲೆ ವಾರ ಹಂಚಿಕೊಂಡೆವು. ಹಗ್ಗದ ಮೇಲೆ ಒಂದು ದಿನ ನನ್ನ ಬಟ್ಟೆ, ಮಾರನೇ ದಿನ ಅವಳದ್ದು. ಜೀನ್ಸ್ ಭಾನುವಾರ ಮಾತ್ರ. ಒದ್ದೆ ಜೀನ್ಸ್ ಎರಡು ಒಟ್ಟಿಗೆ ನೇತಾಡಿದರೆ ಬೇರೆ ಯಾವ ಬಟ್ಟೆಯೂ ಒಣಗಲ್ಲ, ಮಲೆನಾಡಿನವರಿಗೆ ಇದನ್ನ ಹೇಳಿಕೊಡಬೇಕಿಲ್ಲ.

ಅವಳು ರಾತ್ರಿ ಎರಡರ ತನಕ ಓದುವವಳು. ನಾನು ಹತ್ತಕ್ಕೆ ಮಲಗಿ ಐದಕ್ಕೆ ಏಳುವವಳು. ಕೇಳಿದವರೆಲ್ಲ, ಅಯ್ಯೋ ನಿಮ್ಮಿಬ್ಬರಿಗೆ ಆಗಿಬರಲ್ಲ ಅಂದರು. ನಿಜವಾಗಿ ಇದೇ ಅನುಕೂಲವಾಯಿತು. ಇಬ್ಬರಿಗೂ ದಿನಾ ಒಂದಿಷ್ಟು ಹೊತ್ತು ರೂಮು ಒಬ್ಬರದ್ದೇ ಆದ ಹಾಗೆ. ರಾತ್ರಿ ಅವಳದು, ಬೆಳಿಗ್ಗೆ ನನ್ನದು. ಹತ್ತು ಗಂಟೆ ಆದಮೇಲೆ ಟ್ಯೂಬ್‌ಲೈಟ್ ಬಂದ್. ಅವಳು ಟೇಬಲ್ ಲ್ಯಾಂಪನ್ನು ಗೋಡೆ ಕಡೆ ತಿರುಗಿಸಿ ಇಟ್ಟುಕೊಳ್ಳುತ್ತಿದ್ದಳು. ಗೋಡೆಗೆ ಬಡಿದು ಬರುವ ಬೆಳಕು ಓದೋಕೆ ಸಾಕು, ನನ್ನ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ನಾನು ತಲೆದಿಂಬನ್ನು ಮಂಚದ ಆ ತುದಿಗೆ ಹಾಕಿಕೊಂಡೆ.

ಬೆಳಿಗ್ಗೆಯ ತೊಂದರೆ ಬೇರೆ ಥರದ್ದು. ಅಲಾರಂ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದು ಒಂದು ಸಲ ಹೊಡೆದು ಸುಮ್ಮನಾಗುತ್ತದೆ. ಫೋನನ್ನು ವೈಬ್ರೇಟ್‌ಗೆ ಹಾಕಿ ದಿಂಬಿನ ಕೆಳಗೆ ಇಟ್ಟರೆ ಅದೂ ಇಲ್ಲ. ಮಲಗಿದವರನ್ನು ನಿಜವಾಗಿ ಎಬ್ಬಿಸೋದು ಪ್ಲಾಸ್ಟಿಕ್ ಕವರು. ಬೆಳಗಿನ ಜಾವ ಐದಕ್ಕೆ, ಎಲ್ಲ ನಿಶ್ಶಬ್ದ ಇರುವಾಗ, ಬ್ಯಾಗೊಳಗಿನ ಕವರಲ್ಲಿ ಬಾಚಣಿಗೆ ಹುಡುಕುವ ಆ ಪರಪರ ಸದ್ದು ಇದೆಯಲ್ಲ, ಸಣ್ಣಗೆ ಮಾಡೋಣ ಅಂತ ಮೆಲ್ಲಗೆ ತೆಗೆದಷ್ಟೂ ಉದ್ದಕ್ಕೆ ಎಳೆಯುತ್ತದೆ. ಅವಳು ರಗ್ಗಿನೊಳಗಿಂದ "ಏ ಒಮ್ಮೆಲೆ ಹರದ್ ಬಿಡವಾ ಅದನ್ನ" ಅಂದಿದ್ದಳು. ಆಮೇಲೆ ನಾನು ಕವರುಗಳನ್ನೇ ಬಿಟ್ಟು ಬಟ್ಟೆ ಚೀಲ ಇಟ್ಟುಕೊಂಡೆ. ಬೆಳಿಗ್ಗೆ ಬೇಕಾದ ಬಟ್ಟೆ, ಟವೆಲ್, ನೋಟ್ಸು ಎಲ್ಲ ರಾತ್ರಿಯೇ ಕುರ್ಚಿ ಮೇಲೆ.

ಬಿಸಿನೀರು ಸೋಲಾರ್‌ದು. ಸೋಲಾರ್ ಇದ್ದವರಿಗೆ ಗೊತ್ತು, ನಲ್ಲಿ ಬಿಟ್ಟ ಕೂಡಲೇ ಬರೋದು ಪೈಪಲ್ಲಿ ನಿಂತ ತಣ್ಣೀರು. ಸುಮಾರು ಒಂದು ಬಕೆಟ್ ಹೋದಮೇಲೆ ಬಿಸಿ. ಮೊದಲು ಸ್ನಾನಕ್ಕೆ ಹೋದವರು ಆ ತಣ್ಣೀರನ್ನು ಸುಮ್ನೆ ಚೆಲ್ಲಬಾರದು, ಅದರಲ್ಲಿ ಅವತ್ತು ಹಗ್ಗದ ಸರದಿ ಯಾರದ್ದೋ ಅವರ ಬಟ್ಟೆ ನೆನೆಹಾಕಬೇಕು ಅಂತ ಮಾಡಿಕೊಂಡೆವು. ಮೋಡದ ದಿನಗಳಲ್ಲಿ ಸೋಲಾರ್ ಕಾಯಲ್ಲ. ಆಗ ಹೀಟರ್ ಕಾಯಿಲ್. ಅದನ್ನು ಬಕೆಟ್ಟಿಗೆ ಇಳಿಸಿದವರು ಆಚೆ ಹೋಗಬಾರದು, ಸ್ವಿಚ್ ಆರಿಸಿ ಪ್ಲಗ್ ಕೀಳದೆ ನೀರು ಮುಟ್ಟಬಾರದು. ಇದೊಂದರಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಟ್ಟವಳಲ್ಲ.

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ಅವಳು ಮಾಂಸ ಮೀನು ಮುಟ್ಟದವಳು. ನಮ್ಮಮ್ಮ ಊರಿಂದ ಕಳಿಸುತ್ತಿದ್ದದ್ದು ಅಕ್ಕಿರೊಟ್ಟಿ, ಅದರ ಜೊತೆ ಒಣಸೀಗಡಿ ಚಟ್ನಿ. ನಾನು ಆ ಡಬ್ಬಿ ತೆಗೆದಾಗಲೆಲ್ಲ ಅವಳಿಗೆ ಟೆರೇಸಲ್ಲಿ ಏನೋ ಕೆಲಸ ಬರುತ್ತಿತ್ತು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ನಾನೇ ಕೇಳಿದೆ. ವಾಸನಿ ತಡಿಯಾಕ ಆಗಂಗಿಲ್ಲ, ನಿನಗ ಬ್ಯಾಸರ ಆಗ್ತೇತಂತ ಸುಮ್ನಿದ್ದೆ ಅಂದಳು. ಆವತ್ತಿಂದ ಚಟ್ನಿ ಡಬ್ಬಿಗೆ ಬಿಗಿ ಮುಚ್ಚಳದ ಇನ್ನೊಂದು ಡಬ್ಬಿ, ಬೇರೆ ತಟ್ಟೆ, ಮತ್ತೆ ತಿನ್ನೋಕೆ ನಾನೇ ಟೆರೇಸಿಗೆ. ಅವಳ ಶೇಂಗಾ ಹಿಂಡಿ, ಕಟಕ ರೊಟ್ಟಿಗೆ ಇಂಥ ನಿಯಮ ಬೇಕಾಗಲಿಲ್ಲ. ಅವು ಬಂದ ಎರಡೇ ದಿನಕ್ಕೆ ಖಾಲಿ, ಜಾಸ್ತಿ ತಿಂದವಳು ನಾನು.

ಆ ಮಾತಿನ ಮೇಲೆ ಅವಳು ಒಂದು ಷರತ್ತು ಹಾಕಿದಳು. "ಇನ್ನ ಮ್ಯಾಲ ಏನರ ಇದ್ರ ಬಾಯಿ ಬಿಟ್ಟು ಹೇಳೂಣು. ಮಾರಿ ಉಬ್ಬಿಸ್ಕೊಂಡು ಕುಂದ್ರೂದು ಬ್ಯಾಡ." ನಾನು ಅದಕ್ಕೆ ಒಂದು ಸೇರಿಸಿದೆ: ರಾತ್ರಿ ಹೇಳೋದು ಬೇಡ. ಮಲಗುವ ಹೊತ್ತಲ್ಲಿ ಎತ್ತಿದ ಮಾತು ಒಂದೇ ಕೋಣೆಯಲ್ಲಿ ಬೆಳಗಿನವರೆಗೂ ಇರುತ್ತದೆ, ಎದ್ದು ಹೋಗೋಕೆ ಬೇರೆ ರೂಮಿಲ್ಲ. ದೂರುಗಳಿಗೆಲ್ಲ ಸಂಜೆ ಟೀ ಹೊತ್ತು ಅಂತ ಇಟ್ಟುಕೊಂಡೆವು. ಸಂಜೆ ಆಗೋದರೊಳಗೆ ಅರ್ಧಕ್ಕರ್ಧ ದೂರು ಮರೆತೇ ಹೋಗಿರುತ್ತಿದ್ದವು.

ಹಾಸನದಲ್ಲಿ ರೂಮು ಮಾಡಿದವರಿಗೆ ಬೇರೆ ಊರಲ್ಲಿಲ್ಲದ ಒಂದು ಪರೀಕ್ಷೆ ಇದೆ. ಹಾಸನಾಂಬೆ. ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ದೀಪಾವಳಿ ಮುಗಿದಮೇಲೆ ಮತ್ತೆ ಮುಚ್ಚುತ್ತಾರೆ. ಆ ದಿನಗಳಲ್ಲಿ ಹಾಸನದಲ್ಲಿ ಒಂದು ಚಾಪೆ ಜಾಗ ಇದ್ದವರಿಗೂ ನೆಂಟರು ಹುಟ್ಟಿಕೊಳ್ಳುತ್ತಾರೆ. ಮೊದಲ ವರ್ಷ ನಮ್ಮ ಚಿಕ್ಕಮ್ಮ, ಅವರ ನಾದಿನಿ, ಅತ್ತ ಅವಳ ಅವ್ವ, ಕಾಕು, ಎಲ್ಲ ಒಂದೇ ದಿನ ಬಂದಿಳಿದರು. ಕ್ಯೂನಲ್ಲಿ ನಿಂತು ದರ್ಶನ ಮುಗಿಸಿ ಬಂದಾಗ ನಡುರಾತ್ರಿ. ನಾನು ಮಂಚ ಬಿಟ್ಟುಕೊಟ್ಟು ಬೀರುವಿಗೆ ಒರಗಿ ಕೂತೇ ಬೆಳಗು ಮಾಡಿದೆ.

ಎರಡನೇ ವರ್ಷ ಮೊದಲೇ ದಿನ ಹಂಚಿದೆವು. ಮೊದಲ ವಾರ ನಮ್ಮ ಕಡೆಯವರು, ಆಮೇಲೆ ಅವಳ ಕಡೆಯವರು. ಸಕಲೇಶಪುರ ಇಲ್ಲಿಂದ 40 ಕಿಲೋಮೀಟರ್, ನಮ್ಮವರು ದರ್ಶನ ಮಾಡಿ ಬಸ್ ಹತ್ತಲಿ ಅಂತ ನಾನೇ ಅಂದೆ. ವಿಜಯಪುರದಿಂದ ಬಂದವರನ್ನ ಹಾಗೆ ಕಳಿಸೋಕೆ ಆಗುತ್ತಾ? ನೆಂಟರ ವಿಷಯದಲ್ಲಿ ಸರಿಸಮ ಹಂಚಿಕೆ ಅಂತ ಕೂತರೆ ನಡೆಯಲ್ಲ, ಯಾರ ಊರು ದೂರವೋ ಅವರಿಗೆ ಜಾಸ್ತಿ ಬಿಡಬೇಕು. ಆದರೆ ಮಂಚ ಅವರವರದ್ದೇ. ಇನ್ನೊಬ್ಬಳ ಮಂಚವನ್ನು ಅವಳನ್ನು ಕೇಳದೆ ಯಾರಿಗೂ ಕೊಡೋ ಹಾಗಿಲ್ಲ.

ದುಡ್ಡಿನದು ಹೆಚ್ಚು ಹೇಳುವಂಥದ್ದೇನಿಲ್ಲ. ಬಾಡಿಗೆ ಅರ್ಧ, ಕರೆಂಟ್ ಬಿಲ್ ಅರ್ಧ. ಹಾಲು, ಗ್ಯಾಸು, ನೀರಿನ ಕ್ಯಾನು ಯಾರು ತಂದರೋ ಅವರು ಬಾಗಿಲ ಹಿಂದಿನ ಕ್ಯಾಲೆಂಡರ್ ಮೇಲೆ ಬರೆಯೋದು, ಒಂದನೇ ತಾರೀಕು ಲೆಕ್ಕ. ಒಂದು ಮಾತ್ರ ಮೊದಲಿಂದ ಪಾಲಿಸಿದೆವು. ಗಟ್ಟಿ ಸಾಮಾನನ್ನು ಪಾಲಿನ ಮೇಲೆ ಕೊಳ್ಳಲಿಲ್ಲ. ಒಲೆ ಅವಳು ತಂದಳು, ಕುಕ್ಕರ್ ನಾನು ತಂದೆ. ಲ್ಯಾಂಪ್ ಅವಳದ್ದು, ಕಾಯಿಲ್ ನನ್ನದು. ರೂಮು ಖಾಲಿ ಮಾಡುವ ದಿನ ಅಡ್ವಾನ್ಸಲ್ಲಿ ಬಣ್ಣದ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಆಂಟಿ ಕೈಗಿಟ್ಟರು. ಅದನ್ನು ಅಲ್ಲೇ ಮೆಟ್ಟಿಲ ಮೇಲೆ ಎರಡು ಪಾಲು ಮಾಡಿದೆವು. ಸಾಮಾನು ಆಟೋಗೆ ಹಾಕೋಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಗ್ಗವನ್ನು ಮುಂದೆ ಬರುವ ಹುಡುಗಿಯರಿಗೆ ಬೇಕಾಗುತ್ತೆ ಅಂತ ಬಿಚ್ಚಲಿಲ್ಲ.