ಕಾಫಿ ತೂಕದ ಫಿಲ್ಟರಿಗೆ ಜೆನೆಟಿಕ್ ಅಲ್ಗಾರಿದಮ್: ವಿನ್ಯಾಸ ಮಾಡುವ ಬಗೆ

ಕೊಡಗಿನ ತೋಟದ ಕಣದಲ್ಲಿ ಕಾಫಿ ಚೀಲ ತೂಗುವ ಲೋಡ್ ಸೆಲ್ (ಭಾರವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಂವೇದಕ) ಪಕ್ಕದಲ್ಲೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು ಓಡುತ್ತಿದ್ದರೆ, ಸಿಗ್ನಲ್‌ಗೆ 50 ಹರ್ಟ್ಜ್ ಗದ್ದಲ ಸೇರಿ ತೂಕದ ಅಂಕಿ ನಿಲ್ಲುವುದಿಲ್ಲ. ಇದಕ್ಕೊಂದು ಲೋ-ಪಾಸ್ ಫಿಲ್ಟರ್ (ನಿಧಾನದ ಬದಲಾವಣೆಯನ್ನು ಹಾಯಗೊಟ್ಟು ವೇಗದ ಕಂಪನವನ್ನು ತಡೆಯುವ ಸರ್ಕ್ಯೂಟು) ಬೇಕು: 6 ಹರ್ಟ್ಜ್‌ವರೆಗೆ ಏರಿಳಿತ 1 ಡೆಸಿಬೆಲ್ ಮೀರಬಾರದು, 50 ಹರ್ಟ್ಜ್‌ನಲ್ಲಿ ಕನಿಷ್ಠ 50 ಡೆಸಿಬೆಲ್ ಇಳಿಯಬೇಕು.

ಜೆನೆಟಿಕ್ ಅಲ್ಗಾರಿದಮ್ ಎಂದರೆ ಜೀವವಿಕಾಸದ ಮಾದರಿಯ ಹುಡುಕಾಟ: ಹಲವು ಸರ್ಕ್ಯೂಟುಗಳಿಗೆ ಅಂಕ ಕೊಟ್ಟು, ಒಳ್ಳೆಯವನ್ನು ಆರಿಸಿ, ಬೆರೆಸಿ, ಅಲ್ಪಸ್ವಲ್ಪ ಬದಲಿಸಿ ಮುಂದಿನ ಪೀಳಿಗೆ ಮಾಡುವುದು. ಸರ್ಕ್ಯೂಟಿನ ಜೋಡಣೆಯನ್ನೇ ಈ ವಿಕಾಸಕ್ಕೆ ಬಿಡಬಹುದು. 1990ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಕೋಜಾ ತಂಡ ಅದನ್ನು ಮಾಡಿ ತೋರಿಸಿತು. ಮೊದಲ ಪ್ರಯತ್ನಕ್ಕೆ ಅದು ಬೇಡ. ಎರಡು ಸ್ಯಾಲೆನ್-ಕೀ ಹಂತಗಳನ್ನು (ಆಪ್-ಆಂಪ್ ಎಂಬ ವರ್ಧಕ ಒಂದು, ರೆಸಿಸ್ಟರ್ ಎರಡು, ಕೆಪಾಸಿಟರ್ ಎರಡು ಇರುವ ಫಿಲ್ಟರ್) ಒಂದರ ಹಿಂದೊಂದು ಇಟ್ಟು, ನಾಲ್ಕು ರೆಸಿಸ್ಟರ್, ನಾಲ್ಕು ಕೆಪಾಸಿಟರ್‌ಗಳ ಮೌಲ್ಯಗಳನ್ನಷ್ಟೇ ಹುಡುಕಿಸಿ. ಎಂಸಿಪಿ6002 ಚಿಪ್ ಒಂದರಲ್ಲೇ ಎರಡು ಆಪ್-ಆಂಪ್ ಇವೆ, 5 ವೋಲ್ಟ್ ಸಾಕು.

ಈ ಎಂಟು ಮೌಲ್ಯಗಳೇ ಸರ್ಕ್ಯೂಟಿನ ಜೀನ್‌ಗಳು. ಎಂಟು ಜೀನ್‌ಗಳೂ ಪೂರ್ಣಾಂಕಗಳಾಗಿರಲಿ, ಪ್ರತಿಯೊಂದೂ ಅಂಗಡಿಯಲ್ಲಿ ಸಿಗುವ ಮೌಲ್ಯದ ಕ್ರಮಸಂಖ್ಯೆ. ರೆಸಿಸ್ಟರಿಗೆ ಇ12 ಸರಣಿಯಲ್ಲಿ (ಮೌಲ್ಯ ಹತ್ತು ಪಟ್ಟಾಗುವಷ್ಟರಲ್ಲಿ 12 ಪ್ರಮಾಣಿತ ಮೆಟ್ಟಿಲು) 1 ಕಿಲೋ ಓಮ್‌ನಿಂದ 100 ಕಿಲೋ ಓಮ್‌ವರೆಗೆ 25 ಮೌಲ್ಯ; ಕೆಪಾಸಿಟರಿಗೆ ಇ6 ಸರಣಿಯಲ್ಲಿ (ಹಾಗೆಯೇ 6 ಮೆಟ್ಟಿಲು) 1 ನ್ಯಾನೋ ಫ್ಯಾರಡ್‌ನಿಂದ 1 ಮೈಕ್ರೋ ಫ್ಯಾರಡ್‌ವರೆಗೆ 19. ಒಟ್ಟು 5,000 ಕೋಟಿಗೂ ಹೆಚ್ಚು ಜೋಡಣೆಗಳು. 100 ಕಿಲೋ ಓಮ್‌ನ ಮಿತಿ ನಮ್ಮ ಮಳೆಗಾಲಕ್ಕಾಗಿ: ತೇವ ಹಿಡಿದ ಬೋರ್ಡಿನ ಮೇಲೆ ಸೋರುವ ಕರೆಂಟು ದೊಡ್ಡ ರೆಸಿಸ್ಟರುಗಳ ಲೆಕ್ಕವನ್ನೇ ಕೆಡಿಸುತ್ತದೆ.

ಪೀಳಿಗೆಗೆ 100 ಸರ್ಕ್ಯೂಟು, 60 ಪೀಳಿಗೆ. ಮೂರನ್ನು ಯಾದೃಚ್ಛಿಕವಾಗಿ ಎತ್ತಿ ಉತ್ತಮವಾದದ್ದನ್ನು ಪೋಷಕನಾಗಿ ಆರಿಸಿ. ಜೀನ್ ಬೆರೆಸುವ ಸಂಭವ 0.8, ಪ್ರತಿ ಜೀನ್ ಬದಲಾಗುವ ಸಂಭವ 1/8. ಬದಲಾವಣೆ ಹೆಚ್ಚಿನ ಸಲ ಪಕ್ಕದ ಮೌಲ್ಯಕ್ಕೇ ಇರಲಿ, ಆಗೊಮ್ಮೆ ಈಗೊಮ್ಮೆ ದೂರಕ್ಕೆ ಹಾರಲಿ. ಅತ್ಯುತ್ತಮ ಎರಡನ್ನು ಹಾಗೆಯೇ ಮುಂದಿನ ಪೀಳಿಗೆಗೆ ದಾಟಿಸಿ. ಪ್ರತಿ ಸರ್ಕ್ಯೂಟಿಗೂ ಪೈಥಾನ್‌ನಿಂದ ನೆಟ್‌ಲಿಸ್ಟ್ (ಭಾಗಗಳು, ಅವುಗಳ ಸಂಪರ್ಕಗಳ ಪಟ್ಟಿ) ಬರೆಸಿ, ಸರ್ಕ್ಯೂಟ್ ಸಿಮ್ಯುಲೇಟರ್ ಎನ್‌ಜಿಸ್ಪೈಸನ್ನು ಬ್ಯಾಚ್ ಮೋಡ್‌ನಲ್ಲಿ ಓಡಿಸಿ, 0.1ರಿಂದ 1,000 ಹರ್ಟ್ಜ್‌ವರೆಗೆ ಎಸಿ ವಿಶ್ಲೇಷಣೆ (ಒಂದೊಂದು ಆವರ್ತನದಲ್ಲಿ ಸಿಗ್ನಲ್ ಎಷ್ಟು ದಾಟುತ್ತದೆ ಎಂಬ ಲೆಕ್ಕ) ತೆಗೆಯಿರಿ. ಏಕಕಾಲಕ್ಕೆ ಹಲವು ಓಡಿಸುವುದಾದರೆ ಫೈಲಿನ ಹೆಸರುಗಳು ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಒಂದರ ಫಲಿತಾಂಶ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ. ಸಿಮ್ಯುಲೇಶನ್ ಸಿಕ್ಕಿಹಾಕಿಕೊಂಡರೆ 5 ಸೆಕೆಂಡಿಗೆ ನಿಲ್ಲಿಸಿ ದೊಡ್ಡ ದಂಡ ಹಾಕಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಅಂಕ ಕೊಡುವ ಸೂತ್ರಕ್ಕೆ. ಮಿತಿ ಮೀರಿದ ಡೆಸಿಬೆಲ್‌ಗಳನ್ನು ಕೂಡಿಸಿ ದಂಡವಾಗಿಸಿ, ಮೊತ್ತ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ 6 ಮತ್ತು 50 ಹರ್ಟ್ಜ್‌ಗಳ ನಡುವೆ ಏನನ್ನೂ ಕೇಳದಿದ್ದರೆ 10 ಹರ್ಟ್ಜ್ ಆಸುಪಾಸಿನಲ್ಲಿ ಎತ್ತರದ ಶಿಖರವಿರುವ ಸರ್ಕ್ಯೂಟಿಗೂ ಪೂರ್ತಿ ಅಂಕ ಸಿಗಬಹುದು. ಅಂಥ ಸರ್ಕ್ಯೂಟಿನಲ್ಲಿ ಚೀಲ ಇಟ್ಟಾಗ ತೂಕದ ಅಂಕಿ ತೂಗಾಡುತ್ತಲೇ ಇರುತ್ತದೆ. ಆ ನಡುವೆ 0.5 ಡೆಸಿಬೆಲ್‌ಗಿಂತ ಮೇಲೇರಿದರೆ ದಂಡ ಹಾಕಿ. ಜೊತೆಗೆ 1ರಿಂದ 4 ವೋಲ್ಟ್‌ಗೆ ಹಾರುವ ಇನ್‌ಪುಟ್ ಕೊಟ್ಟು ಟ್ರಾನ್ಸಿಯೆಂಟ್ ಪರೀಕ್ಷೆ (ಕಾಲ ಸರಿದಂತೆ ಔಟ್‌ಪುಟ್ ಹೇಗೆ ಬದಲಾಗುತ್ತದೆ ಎಂಬ ಪರೀಕ್ಷೆ) ಮಾಡಿ: ಔಟ್‌ಪುಟ್ 0.4 ಸೆಕೆಂಡಿನೊಳಗೆ ಶೇ 1ರ ಮಿತಿಗೆ ಬಂದು ನಿಲ್ಲಬೇಕು. ಈ ಪರೀಕ್ಷೆ ಬೇಕೇ ಬೇಕು, ಏಕೆಂದರೆ ಆಪ್-ಆಂಪ್ ವೋಲ್ಟೇಜ್ ಮಿತಿ ಮುಟ್ಟುವುದು ಎಸಿ ವಿಶ್ಲೇಷಣೆಗೆ ಕಾಣುವುದೇ ಇಲ್ಲ. ಆದರ್ಶ ಆಪ್-ಆಂಪ್ ಮಾದರಿಯನ್ನೂ ಬಳಸಬೇಡಿ, ತಯಾರಕರ ಮಾದರಿಯನ್ನೇ ಹಾಕಿ.

ಕೊನೆಗೆ ಉಳಿದ ಹತ್ತು ಸರ್ಕ್ಯೂಟುಗಳಿಗೆ ರೆಸಿಸ್ಟರ್ ಶೇ 1, ಕೆಪಾಸಿಟರ್ ಶೇ 5 ಹೆಚ್ಚುಕಡಿಮೆ ಮಾಡಿ, 10, 25, 40 ಡಿಗ್ರಿಗಳಲ್ಲಿ ಓಡಿಸಿ, ಕೆಟ್ಟ ಫಲಿತಾಂಶಕ್ಕೇ ಅಂಕ ಕೊಡಿ. 1996ರಲ್ಲಿ ಸಂಶೋಧಕ ಏಡ್ರಿಯನ್ ಥಾಂಪ್ಸನ್ ಎಫ್‌ಪಿಜಿಎ ಚಿಪ್ಪಿನಲ್ಲೇ (ಒಳಗಿನ ಜೋಡಣೆಯನ್ನು ಬದಲಿಸಬಹುದಾದ ಚಿಪ್) ವಿಕಾಸಗೊಳಿಸಿದ ಸರ್ಕ್ಯೂಟು ಉಷ್ಣತೆ ಬದಲಾದಾಗ ತಪ್ಪುತ್ತಿತ್ತು. ಬೇರೆ ಉಷ್ಣತೆಗಳಲ್ಲಿ ಅದನ್ನು ಪರೀಕ್ಷಿಸಿ ಬೆಳೆಸಿರಲಿಲ್ಲ.

ಗೆದ್ದ ಸರ್ಕ್ಯೂಟನ್ನು ಫಿಲ್ಮ್ ಕೆಪಾಸಿಟರ್‌ಗಳಿಂದಲೇ ಕಟ್ಟಿ, ಏಕೆಂದರೆ ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರ್‌ನ ಧಾರಕತೆ ಡಿಸಿ ವೋಲ್ಟೇಜ್ ಏರಿದಂತೆ ಕುಸಿಯುತ್ತದೆ. 1, 6, 10, 50 ಹರ್ಟ್ಜ್‌ಗಳಲ್ಲಿ ಅಳೆದು ನೋಡಿ, ಸರಿಯಿದ್ದರೆ ಬೋರ್ಡನ್ನು ಚೆನ್ನಾಗಿ ತೊಳೆದು ಒಣಗಿಸಿ ವಾರ್ನಿಶ್ ಬಳಿಯಿರಿ.