ಬೆಕ್ಕಿನ ಗುಟ್ಟಿನ ಕತೆಗಳನ್ನು ನಾನು ಬರೆಯುವ ಬಗೆ

ಬೆಕ್ಕಿಗೆ ಟೋಪಿ ತೊಡಿಸಿ ಮಂತ್ರದಂಡ ಹಿಡಿಸಿದರೆ ಅದು ಬಾಲವಿರುವ ಮನುಷ್ಯನಾಗುತ್ತದೆ, ಅಷ್ಟೇ. ನನ್ನ ಕತೆಗಳಲ್ಲಿ ಮಾಯೆ ಹುಟ್ಟುವುದು ಬೆಕ್ಕಿನ ಮೈಯಿಂದ, ಅದರ ಚಾಳಿಯಿಂದ. ಅದು ನಿಜವಾಗಿ ಮಾಡುವ ಒಂದು ಕೆಲಸ ಹಿಡಿದು, ಇದಕ್ಕೆ ನಮಗೆ ತಿಳಿಯದ ಇನ್ನೊಂದು ಕಾರಣವೂ ಇದ್ದರೆ ಎಂದು ಕೇಳಿಕೊಳ್ಳುತ್ತೇನೆ.

ಹೊರಗೆ ಅಲೆಯುವ ಬೆಕ್ಕುಗಳನ್ನೇ ನೋಡಿ. ಒಂದೇ ದಾರಿಯಲ್ಲಿ ಹಲವು ಓಡಾಡುತ್ತವೆ, ಆದರೆ ಎದುರಾಗುವ ಗೋಜೇ ಬೇಡವೆಂಬಂತೆ ಬೇರೆ ಬೇರೆ ಹೊತ್ತಿನಲ್ಲಿ. ಮೂಲೆಯಲ್ಲಿ ಕೆನ್ನೆ ಉಜ್ಜಿ ಬಿಟ್ಟುಹೋದ ವಾಸನೆ ಹಳತೋ ಹೊಸತೋ ಎಂದು ಮೂಸಿದರೆ ಯಾರು ಬಂದು ಹೋದರೆಂದು ತಿಳಿಯುತ್ತದೆ. ಇಲ್ಲಿಂದ ನನಗೊಂದು ಕತೆ ಸಿಕ್ಕಿತು: ಗೋಡೆಯ ಮೂಲೆ ರಾತ್ರಿ ಕಾವಲಿನ ಹಾಜರಿ ಪುಸ್ತಕ. ಪ್ರತಿ ಬೆಕ್ಕೂ ತನ್ನ ಪಾಳಿಯಲ್ಲಿ ಏನೇನು ದಾಟಿಹೋಯಿತೆಂದು ವಾಸನೆಯಲ್ಲಿ ಬರೆದಿಡುತ್ತದೆ. ಒಂದು ರಾತ್ರಿ ಮುದಿ ಗಂಡುಬೆಕ್ಕು ಬಂದು ಮೂಸಿದಾಗ ಅಲ್ಲಿರುವುದು ಅದರದೇ ವಾಸನೆ, ಹಸಿಹಸಿ. ಅದಿನ್ನೂ ಆ ಮೂಲೆಗೆ ಕೆನ್ನೆ ತಾಗಿಸಿಯೇ ಇಲ್ಲ!

ಅಷ್ಟು ಸಿಕ್ಕಮೇಲೆ ಬೇರೆ ಮಾಯೆ ಸೇರಿಸಲಿಲ್ಲ. ಒಂದು ಕತೆಗೆ ಒಂದೇ ಸುಳ್ಳು ಸಾಕು, ಉಳಿದದ್ದೆಲ್ಲ ನಿಜವಿರಬೇಕು.

ಆ ನಿಜವೇ ಕೈ ಕಟ್ಟುತ್ತದೆ, ಕೈ ಹಿಡಿಯುತ್ತದೆ ಕೂಡ. ಬೆಕ್ಕಿನ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ಹಾಗಾಗಿ ನನ್ನ ಕತೆಗಳಲ್ಲಿ ಕೆಂಪು ಚಂದ್ರನಿಲ್ಲ. ಸಿಹಿ ಅದರ ನಾಲಿಗೆಗೆ ಹತ್ತುವುದಿಲ್ಲ, ಜೇನಿನ ಆಮಿಷವೊಡ್ಡುವ ಯಕ್ಷಿಣಿಯೂ ಇಲ್ಲ. ಆದರೆ ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ, ಅದರದು 60 ದಾಟುತ್ತದೆ. ನಡುವಿನ ಆ ಸದ್ದುಗಳಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು. ಮೂಗಿನ ಬುಡದಲ್ಲಿರುವುದು ಅದಕ್ಕೆ ಮಸುಕು, ಅಲ್ಲಿ ಮೀಸೆಯನ್ನು ಮುಂದೆ ಚಾಚಿ ತಡವುತ್ತದೆ. ಇನ್ನೊಂದು ಕತೆಯ ಭೂತವನ್ನು ನಾನು ಕೂರಿಸಿದ್ದು ಸರಿಯಾಗಿ ಅಲ್ಲೇ: ಕಣ್ಣಿಗೆ ಬೀಳದು, ಮೀಸೆಗೆ ಮಾತ್ರ ತಾಗುತ್ತದೆ.

ಮಾತು ಬರೆಯುವುದು ಕಷ್ಟ. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂವ್ ಎನ್ನುವುದು ಅಪರೂಪ, ಅದು ಹೆಚ್ಚಾಗಿ ನಮಗಾಗಿ ಇಟ್ಟುಕೊಂಡ ದನಿ. ಹಾಗಾಗಿ ನನ್ನ ಬೆಕ್ಕುಗಳು ಕಿವಿ ಮಡಚಿ, ಬಾಲ ಎತ್ತಿ, ಕಣ್ಣು ನಿಧಾನ ಮುಚ್ಚಿ ತೆರೆದು ಮಾತಾಡುತ್ತವೆ. ಯಾರಾದರೂ ಇನ್ನೊಬ್ಬರಿಗೆ ಮಿಯಾಂವ್ ಎಂದರೆ ಅದು ಬೈಗುಳ: ನೀನೂ ಮನುಷ್ಯನೇ ಎಂದಂತೆ. ಸಂಭಾಷಣೆ ಸೊರಗುತ್ತದೆ, ಕತೆಗೆ ಒಳ್ಳೆಯದೇ ಆಗುತ್ತದೆ.

ನಿದ್ದೆಯಲ್ಲಿ ಬೇರೆ ಲೋಕಕ್ಕೆ ಹೋಗಿಬರುವ ಬೆಕ್ಕು ನನಗೆ ಬೇಡ. ಅದು ಎಲ್ಲರಿಗೂ ಹೊಳೆಯುತ್ತದೆ.

ಕರಡು ಮುಗಿದ ಮೇಲೆ ಬೆಕ್ಕಿನ ಜಾಗದಲ್ಲಿ ನಾಯಿಯನ್ನಿಟ್ಟು ಓದುತ್ತೇನೆ. ಕತೆ ಆಗಲೂ ನಡೆದರೆ ಅದನ್ನು ಕೈಬಿಡುತ್ತೇನೆ. ಕಾವಲಿನ ಕತೆ ನಡೆಯಲಿಲ್ಲ. ನಾಯಿಯಾಗಿದ್ದರೆ ಆ ವಾಸನೆಯ ಬೆನ್ನುಹತ್ತಿ ಓಡುತ್ತಿತ್ತು. ನನ್ನ ಗಂಡುಬೆಕ್ಕು ದಾರಿ ಖಾಲಿಯಾಗಲೆಂದು ಕೂತು ಕಾಯುತ್ತದೆ, ಮುಂದೆ ಹೋಗಿರುವುದು ತಾನೇ ಆದರೂ.